ಯಾವ ಪುಟ?

ಶನಿವಾರ. ಹುಯೆ ನಗರ, ಭಾಷಾ ವಿಭಾಗದ ಮೂರನೇ ಮಹಡಿ.
ಏಸಿ ಕೆಟ್ಟಿದೆ. ಕಿಟಕಿಯಾಚೆ ನದಿ ಹಸಿರಾಗಿ ನಿಂತಿದೆ.
ಹನ್ನೊಂದು ಮಂದಿ ನಾವು, ಫ್ರೆಂಚಿನವರು, ರಷ್ಯನ್ನಿನವರು,
ಜಪಾನಿ ಕಲಿಸುವ ಎಳೆಯ ಹುಡುಗಿಯರಿಬ್ಬರು.
ಯಂತ್ರದ ಓದುಬರಹ ಕಲಿಸಲು ಬಂದ ಖೋವಾ
ನನ್ನದೇ ಹಳೆಯ ವಿದ್ಯಾರ್ಥಿ,
ಕ್ರಿಯಾಪದ ಕಂಡರೆ ಬೆವರುತ್ತಿದ್ದವನು.
"ಏನು ಬೇಕಾದರೂ ಕೇಳಿ ಮೇಡಂ" ಎಂದ.

ಕೇಳುವುದೇನೋ ಸರಿ. ಏನೆಂದು ಕರೆದು ಕೇಳಲಿ?
ನಮ್ಮಲ್ಲಿ ಬರಿಯ 'ನೀನು' ಸಾಲದು.
ಅಕ್ಕನೋ, ಚಿಕ್ಕಪ್ಪನೋ, ಅಜ್ಜಿಯೋ,
ಬಾಯಿ ತೆರೆಯುವ ಮೊದಲೇ ವಯಸ್ಸು ತೂಗಬೇಕು.
ಕೊನೆಗೆ 'ಎಮ್' ಎಂದೆ, ತಂಗಿಯನ್ನೋ ಶಿಷ್ಯನನ್ನೋ ಕರೆವ ಹಾಗೆ.
ಅದು ನನ್ನನ್ನು 'ಬಾನ್' ಎಂದಿತು,
ಐವತ್ತೆಂಟು ತುಂಬಿದವಳನ್ನು
ಬಸ್ಸಿನಲ್ಲಿ ಪಕ್ಕ ಕೂತ ಓರಗೆಯವಳೆಂಬಂತೆ.

ಅಮ್ಮನ ಮಾತೊಂದಿತ್ತು:
ಹಣ್ಣು ತಿನ್ನುವಾಗ ಗಿಡ ನೆಟ್ಟವರ ನೆನೆ.
ಫ್ರೆಂಚಿನವರು ಇದಕ್ಕೇನೆನ್ನುತ್ತಾರೆ?
"ಸೇಬು ಕಚ್ಚುವವನು ಗುದ್ದಲಿಗೆ ಕೈಮುಗಿಯಲಿ,
ನಾರ್ಮಂಡಿಯ ರೈತರ ಗಾದೆ" ಎಂದಿತು ಥಟ್ಟನೆ.
ಎಷ್ಟು ಚೆಂದ! ರಷ್ಯನ್ನಿನ ಬಿಕ್ ಆಗಲೇ ಬರೆದುಕೊಂಡಳು.
ಮೂವತ್ತನಾಲ್ಕು ವರ್ಷ ಆ ಭಾಷೆಯಲ್ಲೇ ಓಡಾಡಿದ್ದೇನೆ,
ಆ ಗುದ್ದಲಿಗೆ ಒಮ್ಮೆಯೂ ಎಡವಿಲ್ಲ.

ಯಾವ ಪುಸ್ತಕ? ಹೆಸರು ಕೊಟ್ಟಿತು.
ಯಾವ ಪುಟ? ಇನ್ನೂರ ಹನ್ನೆರಡು.
ಹುಡುಕಿದರೆ ಅಂಥ ಪುಸ್ತಕವೇ ಇಲ್ಲ.
ಇಲ್ಲವಲ್ಲ, ಎಂದೆ.
ಕ್ಷಮೆ ಕೇಳಿತು,
ಒಂದೂ ವ್ಯಾಕರಣ ದೋಷವಿಲ್ಲದೆ.

ಎಲ್ಲರೂ ನಕ್ಕರು. ಖೋವಾ ಹಲಗೆಯ ಮೇಲೆ ಬರೆದ:
ನುಣುಪು ಬೇರೆ, ನಿಜ ಬೇರೆ.
ಬರೆದುಕೊಳ್ಳುತ್ತಿದ್ದ ನನ್ನ ಪೆನ್ನು
'ನುಣುಪು' ಎಂಬಲ್ಲಿ ನಿಂತುಬಿಟ್ಟಿತು.

ಕಳೆದ ಚಳಿಗಾಲ, ಹಿಂದಿನ ಬೆಂಚಿನ ಲಾನ್,
ತರಗತಿಯಲ್ಲಿ ತುಟಿ ಬಿಚ್ಚದವಳು,
ನಾಲ್ಕು ಪುಟದ ಪ್ರಬಂಧ ಕೊಟ್ಟಿದ್ದಳು.
ತಪ್ಪಿಲ್ಲದ್ದೇ ತಪ್ಪೆಂದು ಸೊನ್ನೆ ಹಾಕಿದ್ದೆ.
ಕಳ್ಳತನ ಹಿಡಿಯುವ ಇನ್ನೊಂದು ಯಂತ್ರ
ತೊಂಬತ್ತೊಂದು ಶೇಕಡ ಎಂದಿತ್ತು.
ಅದನ್ನು ಮಾತ್ರ ನಾನು
ಯಾವ ಪುಟ ಎಂದು ಕೇಳಿರಲಿಲ್ಲ.

ಸಂಜೆ ದೊಂಗ್ ಬಾ ಮಾರುಕಟ್ಟೆ.
ಅವಳಮ್ಮನ ನೂಡಲ್ಸ್ ಅಂಗಡಿಯ ಹಿಂದೆ
ಬಟ್ಟಲು ತೊಳೆಯುತ್ತ ಕೂತಿದ್ದಳು, ಮೊಣಕೈವರೆಗೆ ನೊರೆ.
ಹೇಗೆ ಬರೆದೆ ಅದನ್ನು?
"ಅಂಗಡಿ ಮುಚ್ಚಿದ ಮೇಲೆ ಫ್ರೆಂಚ್ ರೇಡಿಯೊ ಕೇಳಿ ಕೇಳಿ.
ಒಂಬತ್ತು ಸಲ ಹರಿದು ಹಾಕಿದೆ.
ಆಮೇಲೆ ಯಂತ್ರಕ್ಕೂ ತೋರಿಸಿದೆ ಮೇಡಂ,
ಎರಡು ಪದ ಬದಲಿಸಿತು. ಅದು ತಪ್ಪೇ?"

ನನಗೆ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ.
ಯಾವ ಎರಡು, ಎಂದು ಕೇಳಿದೆ.
ಹೇಳಿದಳು. ಒಂದು ಕಡೆ
ಅವಳ ಮೊದಲಿನ ಪದವೇ ಚೆನ್ನಾಗಿತ್ತು.
ಹಾಗೆಂದೆ. ಮೊದಲ ಬಾರಿ ನನ್ನ ಮುಖ ನೋಡಿದಳು.

ಬೆಳಿಗ್ಗೆ ಯಂತ್ರಕ್ಕೆ ಸಲೀಸಾಗಿ ಕೊಟ್ಟ ಅದೇ 'ಎಮ್'
ಈಗ ಗಂಟಲಲ್ಲಿ ಸಿಕ್ಕಿಕೊಂಡಿತು.
ಕ್ಷಮೆ ಕೇಳಿದೆ.
ವಾಕ್ಯ ನಡುವೆ ಎಲ್ಲೋ ಮುರಿಯಿತು,
ಕರ್ತೃ ಒಂದು ಕಡೆ, ಕ್ರಿಯೆ ಒಂದು ಕಡೆ.
ಅವಳು ತಿದ್ದಲಿಲ್ಲ.
ಸ್ಟೂಲೊಂದನ್ನು ಕಾಲಿನಿಂದಲೇ
ನನ್ನತ್ತ ಸರಿಸಿದಳು.