ಮೂರನೇ ಮಗ್ಗುಲು

ಗಾರ್ತ್ ರ‍್ಯಾಗ್ ಪ್ರಕಾರ ನಾಲ್ಕನೆಯ ಆಲ್ಬಮ್ಮೇ ಶಿಖರ.
ನನ್ನ ಪ್ರಕಾರ ಮೂರನೆಯದು.
ಗಣಿಯ ಪಂಜರ ಆರುನೂರು ಗಜ ಕೆಳಗೆ ಬೀಳುವಾಗ
ಹೊಟ್ಟೆ ಬಾಯಿಗೆ ಬಂದರೂ
ನಮ್ಮ ಬಾಯಲ್ಲಿ ಇದೇ ವ್ಯಾಜ್ಯ.

'ನಕ್ಷೆಗಾರ' ನೋಡು, ಅನ್ನುತ್ತಿದ್ದ,
ಒಂದು ಮಗ್ಗುಲಿಗೆ ಒಂದೇ ಹಾಡು, ಇಪ್ಪತ್ತಮೂರು ನಿಮಿಷ,
ಚೂರೂ ಕೊಬ್ಬಿಲ್ಲ.
ನಿನ್ನ 'ಉಪ್ಪಿನ ಗಡಿಯಾರ'ಕ್ಕೆ ಎರಡು ತಟ್ಟೆ ಯಾಕೆ?
ನಡು ಕತ್ತರಿಸಿ ಎಸೆದಿದ್ದರೆ ಒಪ್ಪುತ್ತಿದ್ದೆ.
ನಾನೆನ್ನುತ್ತಿದ್ದೆ: ನಕ್ಷೆಗಾರನಲ್ಲಿ ಡ್ರಮ್ಮಿನವ
ಲೆಕ್ಕ ಒಪ್ಪಿಸುವ ಗುಮಾಸ್ತನ ಹಾಗೆ ಬಡಿಯುತ್ತಾನೆ,
ತಪ್ಪೇ ಇಲ್ಲ, ಅದೇ ತಪ್ಪು.
ಗಡಿಯಾರದ ಮೂರನೇ ಮಗ್ಗುಲಲ್ಲಿ
ಆರ್ಗನ್ನಿನವ ಒಂದೇ ಸ್ವರದ ಮೇಲೆ ಮೊಣಕೈ ಊರಿ
ನಾಲ್ಕು ನಿಮಿಷ ಏಳುವುದೇ ಇಲ್ಲ,
ಉಳಿದವರೆಲ್ಲ ಸುತ್ತ ದಾರಿ ತಪ್ಪಿ
ಅವನನ್ನೇ ಗೂಟ ಮಾಡಿಕೊಂಡು ಮರಳುತ್ತಾರೆ.
ಅದಕ್ಕೆ ಧೈರ್ಯ ಬೇಕು ಕಣೋ.
ಧೈರ್ಯವಲ್ಲ, ನಿದ್ದೆ, ಅನ್ನುತ್ತಿದ್ದ ಗಾರ್ತ್.

ಹಾಲೋ ಮೆರಿಡಿಯನ್ ಒಮ್ಮೆ ಶೆಫೀಲ್ಡಿಗೆ ಬಂದಾಗ
ಕೊನೆಯ ಬಸ್ಸು ತಪ್ಪಿ ಚೆಸ್ಟರ್‌ಫೀಲ್ಡಿನ ತನಕ ನಡೆದೆವು.
ಮೂರೋ ನಾಲ್ಕೋ ತೀರ್ಮಾನವಾಗಲಿಲ್ಲ,
ನನ್ನ ಬೂಟಿನ ಅಟ್ಟೆ ಕಿತ್ತುಬಂತು.

ಎಪ್ಪತ್ಮೂರರಲ್ಲಿ ಮ್ಯಾನ್ಸ್‌ಫೀಲ್ಡಿನ ಅಂಗಡಿಯಲ್ಲಿ
ಅರ್ಧರ್ಧ ದುಡ್ಡು ಹಾಕಿ ಕೊಂಡದ್ದು ಗಡಿಯಾರವನ್ನು.
ತಾನೇ ತಟ್ಟೆ ಬೀಳಿಸಿಕೊಳ್ಳುವ ಪ್ಲೇಯರಿಗೆಂದು ಒತ್ತಿದ ಪ್ರತಿ:
ಒಂದರ ಬೆನ್ನಿಗೆ ಎರಡಲ್ಲ, ನಾಲ್ಕು;
ಎರಡರ ಬೆನ್ನಿಗೆ ಮೂರು.
ವಾರಕ್ಕೊಮ್ಮೆ ಅದಲುಬದಲು.
ಎಂಬತ್ನಾಲ್ಕರ ಮಾರ್ಚಿನಲ್ಲಿ
ಆದಿ ಅಂತ್ಯ ಅವನ ಮನೆಯಲ್ಲಿತ್ತು,
ನಡು ನನ್ನಲ್ಲಿ.

ಆಮೇಲೆ ಮುಷ್ಕರ.
ಗೇಟಿನ ಬಳಿ ಅವನು, ಉರಿಯುವ ಪೀಪಾಯಿಗೆ ಕೈ ಒಡ್ಡಿ.
ಕಿಟಕಿಗೆ ತಂತಿಬಲೆ ಹೊಡೆದ ಬಸ್ಸಿನೊಳಗೆ ನಾನು.
ಕಾರಣ ಕೇಳಬೇಡಿ, ಇತ್ತು;
ಹೇಳಿದಷ್ಟೂ ಸಣ್ಣದಾಗುತ್ತದೆ.
ಬೆಳಗಾಗುವುದರಲ್ಲಿ ನಮ್ಮ ಗೋಡೆಯ ಮೇಲೆ ಒಂದು ಪದ.
ಅಕ್ಷರ ಗಾರ್ತನದಲ್ಲ.
ಹಸಿರು ಬಣ್ಣ ಮಾತ್ರ ಅವನ ಪಾರಿವಾಳದ ಗೂಡಿನದು.

ಮೂವತ್ತೊಂದು ವರ್ಷ.
ಒಂದೇ ಬೀದಿ, ಒಂದೇ ಬ್ರೆಡ್ಡಿನಂಗಡಿ.
ಗಣಿ ಮುಚ್ಚಿತು, ಬಾಯಿಗೆ ಕಾಂಕ್ರೀಟು ಸುರಿದರು,
ಮೇಲೆದ್ದ ಗೋದಾಮಿನಲ್ಲಿ ಅವನ ಮಗಳೂ ನನ್ನ ಮಗನೂ
ಒಂದೇ ಪಾಳಿಯಲ್ಲಿ ಡಬ್ಬಿಗೆ ಟೇಪು ಅಂಟಿಸಿದರು.
ಚರ್ಚಿನ ಹಳೆಸಾಮಾನು ಮಾರಾಟದಲ್ಲಿ
ಎರಡು ಪೌಂಡಿಗೆ ಇಡೀ ಗಡಿಯಾರ ಸಿಗುತ್ತಿತ್ತು.
ಎನಿಡ್ ಎತ್ತಿ ತೋರಿಸಿದಳು ಕೂಡ.
ಬೇಡ, ನಮ್ಮಲ್ಲಿದೆ, ಅಂದೆ.

ಹೋದ ವಾರ ಆಸ್ಪತ್ರೆಯಲ್ಲಿ, ಉಸಿರಿನ ಪರೀಕ್ಷೆಗೆ
ಸಾಲು ಕುರ್ಚಿ. ಒಂದು ಬಿಟ್ಟು ಅದರಾಚೆ ಗಾರ್ತ್,
ಮೂಗಿಗೆ ಆಮ್ಲಜನಕದ ನಳಿಕೆ.
ಮೊಣಕಾಲಿನ ಮೇಲೆ ಬೆರಳು: ಮೂರು, ನಾಲ್ಕು; ಮೂರು, ನಾಲ್ಕು.
ಏಳರ ಆ ಕುಂಟು ನಡೆ ನಾಲ್ಕನೇ ಮಗ್ಗುಲಿನದು,
ಮರೆತೇಬಿಟ್ಟಿದ್ದೆ ನಾನು.
ಇತ್ತ ತಿರುಗದೆಯೇ ಅಂದ:
"ನಾಲ್ಕನೆಯ ಆಲ್ಬಮ್ಮೇ. ಈಗಲೂ."
"ಮೂರನೆಯದು," ಅಂದೆ.
ತುಸು ಹೊತ್ತು ಬಿಟ್ಟು, ಎದುರಿನ ಗೋಡೆಯನ್ನು ಕೇಳುವವನ ಹಾಗೆ:
"ದೀಪಸ್ತಂಭ ಕಾಯುವವನು ದೋಣಿ ಹತ್ತಿ ಹೋಗುತ್ತಾನೆ.
ಮರಳುವಾಗ ಬೇರೆ ಹೆಸರು.
ಯಾಕೆ? ಮರೆತುಹೋಗಿದೆ."

ಹೇಳಲು ಹೊರಟೆ.
ನಡುಗಡಲಲ್ಲಿ ಹೆಸರನ್ನು ಏನಕ್ಕೆ ಮಾರಿದನೆಂದು ಗೊತ್ತು ನನಗೆ,
ಪದಪದವೂ ಬಾಯಿಪಾಠ.
ಹೊರಡುವಾಗ ಯಾವ ಹೆಸರಿತ್ತು ಅನ್ನುವುದೇ

ನರ್ಸು ಕರೆದಳು.
ಬಾಯಿಗೆ ಕೊಳವೆ, ಮೂಗಿಗೆ ಕ್ಲಿಪ್ಪು.
ಊದಿ, ಇನ್ನೂ, ಇನ್ನೂ, ಬಿಡಬೇಡಿ, ಅನ್ನುತ್ತಾಳೆ.
ಮೇಜಿಗೆ ಮೊಣಕೈ ಊರಿದೆ, ಏಳಲಿಲ್ಲ.
ನಾಲ್ಕು ಸೆಕೆಂಡು, ಅಂದಳು ಪರದೆ ನೋಡಿ.
ಅರೆತೆರೆದ ಬಾಗಿಲಾಚೆ ಗಾರ್ತ್
ಕೆಮ್ಮಿದನೋ, ನಕ್ಕನೋ.