ಬಿಸಿಲಿನ ಅಳತೆ

ಅಬರ್ಡೀನಿನಲ್ಲಿ ಡಿಸೆಂಬರಿನ ಸೂರ್ಯ
ಸರಕಾರಿ ಗುಮಾಸ್ತನಿಗಿಂತ ತಡವಾಗಿ ಬರುತ್ತಾನೆ,
ಮೂರೂವರೆಯೊಳಗೆ ಕೋಟು ತೊಟ್ಟು ಹೊರಟೇಬಿಡುತ್ತಾನೆ.
ಹಾಗಾಗಿ ನಮ್ಮ ಅಂಗಡಿಯಲ್ಲಿ
ಇಪ್ಪತ್ತಾರು ಸೂರ್ಯರನ್ನು ನಾನೇ ಹಚ್ಚುತ್ತೇನೆ,
ಪೆಟ್ಟಿಗೆಗೊಂದರಂತೆ,
ಬೆಳಿಗ್ಗೆ ಎಂಟಕ್ಕೆ, ಬಾಯಲ್ಲಿ ಟೋಸ್ಟ್ ಕಚ್ಚಿಕೊಂಡೇ.

ಶನಿವಾರ ಇಯನ್ ಡಥಿ ಬಂದ.
ಎಣ್ಣೆಬಾವಿಯ ವೆಲ್ಡರ್,
ಎರಡು ವಾರ ಕಡಲಲ್ಲಿ, ಎರಡು ವಾರ ದಡದಲ್ಲಿ.
ದಿಂಬಿನ ಚೀಲದೊಳಗೆ ಹಾವು, ಕಂಕುಳಲ್ಲಿ ಚೀಲ,
ಹಸುಗೂಸನ್ನು ಲಸಿಕೆಗೆ ತಂದವನ ಹಾಗೆ.
"ಮಂಕಾಗಿದ್ದಾಳೆ" ಅಂದ. "ಇರುವ ವಿಟಮಿನ್ನೆಲ್ಲ ಕೊಡಿ."

ಎಲ್ಲ ಅಂದರೆ ಎಲ್ಲ.
ತಾನೇ ಕಪಾಟಿನಿಂದ ತಂದು ಸಾಲಾಗಿ ಇಟ್ಟ:
ಎ, ಡಿ ಮೂರು, ಕ್ಯಾಲ್ಸಿಯಂ ಪುಡಿ,
ಕೊನೆಗೆ ಹಲ್ಲಿಗಳಿಗೆಂದು ಮಾಡಿದ ಮಾವಿನ ವಾಸನೆಯದೊಂದು.
ಮಾರಿದ್ದರೆ ನಲವತ್ತು ಪೌಂಡು.
ಒಳಕೋಣೆಯಿಂದ ಮಾಲೀಕ ಗೋರ್ಡನ್ ಕೆಮ್ಮಿದ.

ಏನು ತಿನ್ನುತ್ತಾಳೆ?
ಇಲಿ.
ಇಡಿಯಾಗಿ?
ಇಡಿಯಾಗಿ ಅಲ್ಲದೆ, ಚಾಕು ಚಮಚ ಕೊಟ್ಟಿದ್ದೇನೆಯೇ ಅವಳಿಗೆ!

ಹಾಗಾದರೆ ಇಲಿಯೇ ಡಬ್ಬಿ, ಡಥಿಯವರೇ.
ಮೂಳೆಯಲ್ಲಿ ಸುಣ್ಣ, ಲಿವರಿನಲ್ಲಿ ಎ,
ಹೊಟ್ಟೆಯಲ್ಲಿ ಅದು ನಿನ್ನೆ ತಿಂದ ಕಾಳು.
ಮುಚ್ಚಳವಿಲ್ಲ, ಅಂಟಿಸಿದ ಚೀಟಿಯಿಲ್ಲ.
ಮೀನನ್ನೇ ತಿಂದು ಬದುಕುವ ಗಾರ್ಟರ್ ಹಾವಿಗಾದರೆ
ಬಿ-ಒಂದರ ಮಾತು ಬೇರೆ.
ನಿಮ್ಮವಳಿಗೆ ಎ ಹೆಚ್ಚಾದರೆ ಚರ್ಮ ಕೆಟ್ಟೀತು,
ಡಿ ಹೆಚ್ಚಾದರೆ ಮೂತ್ರಪಿಂಡ.
ನಮ್ಮ ಕಡೆ ಹಾವಿಗೆ ಹಾಲೆರೆಯುತ್ತಾರೆ, ಭಕ್ತಿಯಿಂದಲೇ.
ಹಾವಿಗೆ ಹಾಲು ಬೇಕಿಲ್ಲ.
(ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು.)

ಚೀಲ ಬಿಚ್ಚಿದೆ. ಕಣ್ಣೆರಡೂ ನೀಲಿ, ಹಾಲುಗಾಜು.
ಪೊರೆ ಬಿಡುವ ವಾರ ಇದು, ಕಾಯಿಲೆಯಲ್ಲ.
ಒದ್ದೆ ಪಾಚಿ ಇಡಿ. ಮುಟ್ಟಬೇಡಿ.
ಅವನ ಹೆಗಲು ಒಂದಿಂಚು ಕೆಳಗಿಳಿಯಿತು.

"ಬೆಳಕು?" ಎಂದೆ.
ಕೋಟಿನ ಒಳಗಿಂದ ಗಿಡ್ಡ ಟ್ಯೂಬೊಂದನ್ನು ತೆಗೆದ,
ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದು.
ಮೂರು ವರ್ಷ, ಒಂದು ದಿನವೂ ಕೈಕೊಟ್ಟಿಲ್ಲ.
ಹಚ್ಚಿದೆ. ಬೆಳ್ಳಗೆ ಉರಿಯಿತು.
ಗೇಣು ದೂರದಲ್ಲಿ ಮೀಟರು ಹಿಡಿದೆ.
ಸೊನ್ನೆ.
ಒರೆಸಿ ಮತ್ತೆ ಹಿಡಿದೆ. ಸೊನ್ನೆ.

"ಉರಿಯುತ್ತಿದೆಯಲ್ಲ!"
ಉರಿಯುತ್ತದೆ, ಇನ್ನೂ ಎರಡು ವರ್ಷ ಬೇಕಾದರೂ.
ಕಣ್ಣಿಗೆ ಕಾಣದ್ದು ಮೊದಲು ಹೋಗುತ್ತದೆ,
ಕಾಣುವುದು ಆಮೇಲೆ, ನಿಧಾನಕ್ಕೆ.

"ಯಾರೂ ಹೇಳಲಿಲ್ಲ ನನಗೆ" ಅಂದ ಬಹಳ ಹೊತ್ತಿನ ಮೇಲೆ.
ದೀಪದ ಬಗ್ಗೆಯೇ ಇರಬೇಕು.

ಹೊಸ ದೀಪ ಕಟ್ಟಿಕೊಟ್ಟೆ.
ಗಾಜಿನ ಹೊರಗಿಂದ ಬೇಡ, ಗಾಜು ಬಿಸಿಲನ್ನು ನುಂಗುತ್ತದೆ.
ಬಲೆಯ ಮೇಲೆ, ಮೈಯಿಂದ ಒಂದಡಿ ಎತ್ತರಕ್ಕೆ.
ಬದಿಯಲ್ಲಿ ಕತ್ತಲ ಗೂಡೊಂದು ಇರಲಿ,
ಬಿಸಿಲು ಸಾಕು ಅನ್ನುವ ಹಕ್ಕು ಅವಳಿಗೂ ಉಂಟು.
ರಾತ್ರಿ ಕೆಂಪು ಗಿಂಪು ಏನೂ ಬೇಡ. ರಾತ್ರಿ ಅಂದರೆ ರಾತ್ರಿ.

ಟೈಮರನ್ನು ತಾನೇ ತಿರುಗಿಸಿ ನೋಡಿದ, ಎಂಟರಿಂದ ಎಂಟಕ್ಕೆ.
ನೀರು ಬದಲಿಸಲು ಪಕ್ಕದ ಮನೆಯ ಹುಡುಗಿ ಬರುತ್ತಾಳಂತೆ.
"ಕಡಲಲ್ಲಿ ಎಂಟಕ್ಕೆ ಗಡಿಯಾರ ನೋಡುತ್ತೇನೆ" ಅಂದ.
"ಈಗ ಅವಳಿಗೆ ಬೆಳಗಾಯಿತು ಅಂದುಕೊಳ್ಳುತ್ತೇನೆ."
ಚಿಲ್ಲರೆ ಮರೆತು ಹೋದ.

ಸಂಜೆ ಇಪ್ಪತ್ತಾರನ್ನೂ ಆರಿಸಿ
ಚಹದ ಜೊತೆ ನನ್ನ ಮಾತ್ರೆ ನುಂಗಿದೆ.
ರಕ್ತದಲ್ಲಿ ಡಿ ಹದಿನೆಂಟು, ಐವತ್ತಾದರೂ ಇರಬೇಕಿತ್ತಂತೆ.
ನಿಮ್ಮ ಚರ್ಮಕ್ಕೆ ಈ ಊರಿನ ಬಿಸಿಲು ಸಾಲದು ಅಂದಿದ್ದರು ಡಾಕ್ಟರು,
ತಪ್ಪು ಅವರದೇ ಅನ್ನುವ ಹಾಗೆ, ಮೆಲ್ಲಗೆ.
ಇಲಿಯನ್ನು ಇಡಿಯಾಗಿ ನುಂಗಲಾರದವಳು ಇನ್ನೇನು ಮಾಡಲಿ.

ಮೀಟರು ಕೋಟಿನ ಜೇಬಿನಲ್ಲೇ ಉಳಿದಿತ್ತು.
ಭಾನುವಾರ ನಡುಹಗಲು, ಕಡಲ ದಂಡೆಯಲ್ಲಿ,
ಸೀಗಲ್ ಒಂದು ಯಾರದೋ ಚಿಪ್ಸಿನ ಪೊಟ್ಟಣ ಹರಿಯುತ್ತಿರುವಾಗ,
ಸೂರ್ಯನ ಕಡೆ ಹಿಡಿದೆ.

ಸೊನ್ನೆ ಬಿಂದು ಎರಡು.

ಹತ್ತಿರ ಯಾರೂ ಇರಲಿಲ್ಲ.
ಮಫ್ಲರ್ ಬಿಚ್ಚಿ ಬ್ಯಾಗಿನಲ್ಲಿ ತುರುಕಿ
ಕೊರಳನ್ನು ಅತ್ತ ತಿರುಗಿಸಿ ನಿಂತೆ,
ಹಲ್ಲು ಕಟಕಟ ಅನ್ನುವವರೆಗೆ.