ಬಿ-ಇಪ್ಪತ್ತೇಳು

ಮೂರನೇ ಸಲ ಎಡಗಣ್ಣು ಕೆಂಪಾದಾಗ
ಗದಗಿನ ಪ್ರೆಸ್ಸಿನಲ್ಲಿ ಕೂತು
ಲಗ್ನಪತ್ರಿಕೆಯ ಕರಡು ತಿದ್ದುತ್ತಿದ್ದೆ.
ವಧುವಿನ ಹೆಸರಿನ ಒತ್ತಕ್ಷರ ಕರಗಿ
ಕೆಳಗಿನ ಸಾಲಿಗೆ ಇಳಿದಿತ್ತು.
ಟ್ಯೂಬ್‌ಲೈಟು ಸೂಜಿಯಾಗಿತ್ತು.
“ಕಣ್ಣು ಬಂದಾವಲೇ ನಿನಗ, ದೂರ ಕೂಡು” ಅಂದ ದ್ಯಾಮಣ್ಣ.

ಹುಬ್ಬಳ್ಳಿಯ ಡಾಕ್ಟರು
ಗದ್ದವನ್ನು ಕಬ್ಬಿಣದ ಮೇಲೆ ಇಡಿಸಿ
ಬೆಳಕಿನ ಸೀಳು ಹಾಯಿಸಿ ನೋಡಿದರು.
“ಬಿಸಿಲ ಕೋಲಿನ್ಯಾಗ ಧೂಳು ತೇಲ್ತದಲ್ಲ,
ಹಂಗ ತೇಲಾಕತ್ತಾವ ಬಿಳಿ ಕಣ.”
ಆಮೇಲೆ ಕಣ್ಣು ಬಿಟ್ಟು
ಬೆನ್ನಿನ ಸುದ್ದಿ ತೆಗೆದರು:
“ಮುಂಜಾನೆ ಎದ್ದ ಕೂಡಲೇ ಸೊಂಟ ಬಿಗಿದಿರ್ತೈತೇನು?
ಅಡ್ಡಾಡಿದ ಮ್ಯಾಲೆ ಸಡಲಾಗ್ತೈತೇನು?”
ಆಗ್ತೈತಿ.
ಹೇಳುವಂಥಾದ್ದು ಅಂತ ಅನ್ನಿಸಿರಲಿಲ್ಲ.

ಕೆಳಗಿನ ಲ್ಯಾಬಿನಲ್ಲಿ ರೇಷ್ಮಾ ನದಾಫ
ನಾಲ್ಕು ಶೀಸೆ ತುಂಬಿಕೊಂಡಳು.
ಒಂದು ಕ್ಷಯಕ್ಕೆ. ಒಂದರ ಹೆಸರು ಹೇಳುವಾಗ
ದನಿ ತಗ್ಗಿಸಿದಳು, ಸಂಸಾರಸ್ಥ ಎಂದು.
ಒಂದನ್ನು ನೆಟ್ಟಗೆ ನಿಲ್ಲಿಸಿ ತಾಸು ಕಾದರೆ ಸಾಕಂತೆ:
ಕೆಂಪು ಎಷ್ಟು ಬೇಗ ತಳಕ್ಕಿಳಿದರೆ
ಮೈಯಲ್ಲಿ ಅಷ್ಟು ಉರಿ.
ಕೊನೆಯದು ಪರಊರಿಗೆ ಹೋಗಿ ಬರಬೇಕು.

ಆ ವಾರವೆಲ್ಲ ಪಾಪೆ ಹಿಗ್ಗಿಸುವ ಹನಿ, ಕಪ್ಪು ಚಾಳೀಸು.
ಮಗಳು ಓದುತ್ತಿದ್ದಳು, ನಾನು ಕೇಳಿ ತಿದ್ದುತ್ತಿದ್ದೆ.
ಶಂಖದ ಶ, ಪಕ್ಷದ ಷ,
ಕಿವಿಗೆ ಎರಡೂ ಒಂದೇ.

ವರದಿ ಬಂತು. ಕರಡಿನಂತೆ ಬೆರಳಿಟ್ಟು ಓದಿದೆ:
ಎಚ್‌ಎಲ್‌ಎ ಬಿ-ಇಪ್ಪತ್ತೇಳು, ಪಾಸಿಟಿವ್.
ಲಾಡ್ಜಿನ ಕೋಣೆ ನಂಬರಿನ ಹಾಗಿತ್ತು.
“ಇದು ಸಾಕ್ಷಿ ಅಷ್ಟ, ತೀರ್ಪಲ್ಲ.
ಇದನ್ನ ಇಟಗೊಂಡ ಎಷ್ಟೋ ಮಂದಿ
ಏನೂ ಆಗದ ಅಡ್ಡಾಡ್ತಾರ.
ನಿಮ್ಮ ಕಣ್ಣು, ನಿಮ್ಮ ಸೊಂಟ
ಕೂಡಿಸಿ ಓದಿದ್ರನ ಅರ್ಥ.”

ತಿರುಗಿ ಬರುವಾಗ, ಬಸ್ಸು ಅಣ್ಣಿಗೇರಿ ದಾಟಿದ ಮೇಲೆ,
ಅಪ್ಪ ನೆನಪಾದ.
ಇದೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವ,
ಐವತ್ತಕ್ಕೇ ಗದ್ದ ಎದೆಗೆ ತಾಗುವಷ್ಟು ಬಾಗಿದವ.
ಮೊಳೆಗಳ ಮುಂದ ನಿಂತೂ ನಿಂತೂ ಬಾಗ್ಯಾನ ಅಂದಿತು ಓಣಿ.
ಅವನೂ ಅದನ್ನೇ ನಂಬಿ ಹೋದ.
ಒಂದು ಕಣ್ಣಿಗೆ ಆಗಾಗ ಹಸಿರು ಬಟ್ಟೆ ಕಟ್ಟುತ್ತಿದ್ದ.
ಬಟ್ಟೆಯನ್ನೂ ಬೆನ್ನನ್ನೂ
ಯಾರೂ ಕೂಡಿಸಿ ಓದಲಿಲ್ಲ;
ತಪ್ಪು ಹಿಡಿಯುವ ಕಸಬಿನ ನಾನೂ.

ಕಣ್ಣು ಬಂದದ್ದಲ್ಲ, ದ್ಯಾಮಣ್ಣ.
ಇಲ್ಲೇ ಇತ್ತು.

“ನನಗೂ ಐತೇನು?” ಕೇಳಿದಳು ಮಗಳು.
ತ್ರಾಸಿಲ್ಲದ ನೋಡೋ ಜರೂರಿಲ್ಲ ಅಂದಾರ, ಅಂದೆ.
ನಿಜವಾಗಿಯೂ ಹಾಗೇ ಅಂದಿದ್ದರು.
ಮುಂಜಾನೆ ಅವಳೆದ್ದು, ಬಗ್ಗಿ, ಚಪ್ಪಲಿ ಹುಡುಕುವಾಗ
ನೋಡದವನ ಹಾಗೆ ಚಹಾ ಸೋಸುತ್ತ
ಎಣಿಸುತ್ತೇನೆ,
ನೆಟ್ಟಗಾಗಲು ಎಷ್ಟು ಹೊತ್ತು ಹಿಡಿಯಿತೆಂದು.